ಭಾಷೆಯನ್ನೋದುವುದು ಸೋತವರ ದಾರಿಯೆ?

ಜೂನ್ ತಿಂಗಳು ಬಂತೆಂದರೆ ಶ್ರೀಮಠದ ಪಡಸಾಲೆಯಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಪಿ.ಯು.ಸಿ. ಮುಗಿಸಿದ ಮಕ್ಕಳನ್ನು ಕರೆದುಕೊಂಡು ತಂದೆತಾಯಿಗಳು ಪೂಜ್ಯ ಅಪ್ಪಗಳ ಸನ್ನಿಧಿಗೆ ಬರುತ್ತಾರೆ. ಮುಂದೇನು ಓದಿಸಬೇಕೆಂದು ಕೇಳುತ್ತಾರೆ. ಕೇಳುತ್ತಾರೆಂಬುದು ಉಪಚಾರದ ಮಾತು. ಹೆಚ್ಚಿನವರು ಎಲ್ಲವನ್ನೂ ಮನೆಯಲ್ಲಿಯೇ ನಿರ್ಧರಿಸಿ, ಆಶೀರ್ವಾದಕ್ಕಾಗಿ ಮಾತ್ರ ಬಂದಿರುತ್ತಾರೆ.

ಹತ್ತು ವರ್ಷಗಳ ಹಿಂದೆ ಹೀಗೆಯೇ ಗಡಿನಾಡಿನ ಹಳ್ಳಿಯ ರೈತರೊಬ್ಬರು ಮಗನೊಡನೆ ಬಂದಿದ್ದರು. ಹುಡುಗ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದವನು, ವಿಜ್ಞಾನದಲ್ಲಿ ಉತ್ತಮ ಶ್ರೇಣಿ ಪಡೆದವನು. ಆದರೆ ಅವನ ಮನಸ್ಸು ಬೇರೆಡೆಗಿತ್ತು. ಅವರ ಮನೆಯ ಅಟ್ಟದ ಮೇಲೆ ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ಕಾಗದಗಳ ಗಂಟೊಂದಿತ್ತು. ಕೆಲವು ಮೋಡಿ ಲಿಪಿಯವು, ಕೆಲವು ಫಾರಸಿಯವು. ಊರಿನಲ್ಲಿ ಅವನ್ನು ಓದಬಲ್ಲವರು ಒಬ್ಬರೂ ಉಳಿದಿರಲಿಲ್ಲ. ತಾನು ಕನ್ನಡ, ಮರಾಠಿ, ಫಾರಸಿಗಳನ್ನು ಶಾಸ್ತ್ರೀಯವಾಗಿ ಕಲಿತು ಆ ಗಂಟನ್ನು ಬಿಚ್ಚಬೇಕೆಂಬುದು ಹುಡುಗನ ಹಂಬಲ. ತಂದೆ ನನ್ನ ಕಡೆಗೆ ತಿರುಗಿ, "ಮಾಸ್ತರ್ರ, ನೀವರ ಒಂದು ಮಾತು ಹೇಳ್ರಿ ಇವಂಗ. ಭಾಷಾ ಓದಿದ್ರ ಹೊಟ್ಟಿ ತುಂಬತೈತೇನ್ರಿ?" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ಅದರಿಂದಲೇ ಅನ್ನ ಉಂಡ ನಾನೂ ನಕ್ಕೆ. "ಮೊದಲು ಹೊಟ್ಟೆಯ ದಾರಿ ನೋಡಿಕೋ ತಮ್ಮಾ, ಭಾಷೆಯನ್ನು ಆಮೇಲೆ ಓದಿದರಾಯಿತು" ಎಂದೆ. ಹುಡುಗ ಮರುಮಾತಾಡಲಿಲ್ಲ. ಪಾದಕ್ಕೆರಗಿ ಹೊರಟುಹೋದ.

ಅಂದು ನಾನಾಡಿದ ಮಾತು ತಪ್ಪು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೂ, ಅದೇ ಮಾತನ್ನು ಇಂದಿಗೂ ನಿಶ್ಚಿಂತೆಯಿಂದ ಆಡುತ್ತಿರುವ ನಮ್ಮ ಸಮಾಜದ ಹಿರಿಯರನ್ನು ಪ್ರಶ್ನಿಸುವುದಕ್ಕಾಗಿಯೂ ಈ ಲೇಖನವನ್ನು ಬರೆಯುತ್ತಿದ್ದೇನೆ. ಮಾತು ಕಟುವಾದರೆ ಶರಣಬಂಧುಗಳು ಮನ್ನಿಸಬೇಕು.

ಮೊದಲು, ಭಾಷೆಯನ್ನು ಪ್ರಧಾನ ವಿಷಯವಾಗಿ ಓದುವುದೆಂದರೆ ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮವರ ಕಲ್ಪನೆಯಲ್ಲಿ ಅದು ನಾಲ್ಕು ಪದ್ಯಗಳ ಭಾವಾರ್ಥ, ಎರಡು ಪ್ರಬಂಧ, ಒಂದಿಷ್ಟು ವ್ಯಾಕರಣ. ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅದರ ಸ್ವರೂಪವೇ ಬೇರೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 'ಏಷ್ಯದ ಭಾಷೆಗಳು ಮತ್ತು ಸಂಸ್ಕೃತಿಗಳು' ಎಂಬ ಹೆಸರಿನ ವಿಭಾಗವೇ ಇದೆ. ಶಿಕಾಗೊದಲ್ಲಿ ದಕ್ಷಿಣ ಏಷ್ಯದ ಭಾಷೆಗಳಿಗೂ ನಾಗರಿಕತೆಗಳಿಗೂ ಪ್ರತ್ಯೇಕ ವಿಭಾಗವಿದೆ. ಲಂಡನ್ನಿನಲ್ಲಿ ಇದಕ್ಕೆಂದೇ ಒಂದು ವಿದ್ಯಾಸಂಸ್ಥೆ 1916ರಲ್ಲಿ ಹುಟ್ಟಿತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ದಕ್ಷಿಣ ಏಷ್ಯಾ ಅಧ್ಯಯನ ಸಂಸ್ಥೆ 1962ರಿಂದ ನಡೆದಿದೆ. ಇಂಥ ಕಡೆಗಳಲ್ಲಿ ವಿದ್ಯಾರ್ಥಿಯು ಒಂದು ಭಾಷೆಯನ್ನು ವರ್ಷಗಟ್ಟಲೆ ಆಳವಾಗಿ ಕಲಿಯುತ್ತಾನೆ. ಮುಂದುವರಿಯಬೇಕಾದರೆ ಎರಡನೆಯದನ್ನೂ ಕಲಿಯುತ್ತಾನೆ. ಜೊತೆಗೆ ಆ ಜನರ ಇತಿಹಾಸ, ಧರ್ಮ, ಸಾಹಿತ್ಯ, ಸಮಾಜವ್ಯವಸ್ಥೆಗಳನ್ನು ಓದುತ್ತಾನೆ. ಹಸ್ತಪ್ರತಿಯನ್ನು ಹಿಡಿದು ಪಾಠಾಂತರಗಳನ್ನು ತೂಗಿ ನೋಡುವುದನ್ನು ಅಭ್ಯಾಸ ಮಾಡುತ್ತಾನೆ. ಇದು ಸೋತವರು ಬಂದು ಸೇರುವ ಧರ್ಮಛತ್ರವಲ್ಲ. ಬುದ್ಧಿ, ತಾಳ್ಮೆ, ಶ್ರಮ ಮೂರನ್ನೂ ಬೇಡುವ ಕಠಿಣ ಕಾಯಕ.

"ಅವರು ನಮ್ಮ ಮೇಲಿನ ಪ್ರೀತಿಯಿಂದ ಕಲಿತರೆ?" ಎಂದು ಕೆಲವರು ಕೇಳಬಹುದು. ಇಲ್ಲ. ಕಂಪನಿ ಸರಕಾರ 1800ರಲ್ಲಿ ಕಲಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನೂ, 1812ರಲ್ಲಿ ಮದರಾಸಿನಲ್ಲಿ ಇನ್ನೊಂದು ಕಾಲೇಜನ್ನೂ ತೆರೆದದ್ದು ತನ್ನ ಅಧಿಕಾರಿಗಳು ಆಳುವ ಜನರ ಭಾಷೆಯನ್ನು ತಿಳಿಯಲೆಂದು. ಪಾದ್ರಿಗಳು ನಮ್ಮ ಭಾಷೆಗಳನ್ನು ಕಲಿತದ್ದು ತಮ್ಮ ಮತವನ್ನು ಹರಡಲೆಂದು. ರಷ್ಯ 1957ರಲ್ಲಿ ಸ್ಪುಟ್ನಿಕ್ ಹಾರಿಸಿದಾಗ ಬೆಚ್ಚಿದ ಅಮೆರಿಕ, 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ಮಾಡಿ ಪರಭಾಷೆಗಳ ಅಧ್ಯಯನಕ್ಕೆ ಹಣ ಸುರಿಯಿತು. ಭಾಷೆಯ ಅಧ್ಯಯನ ದೇಶರಕ್ಷಣೆಯ ಕಾಯಿದೆಯೊಳಗೆ ಸೇರಿತು! ಭಾಷೆಯನ್ನು ಬಲ್ಲವನ ಕೈಯಲ್ಲಿ ಶಕ್ತಿಯಿರುತ್ತದೆಂಬುದನ್ನು ಆಳುವವರು ಅರಿತಿದ್ದರು. ಆಳಿಸಿಕೊಂಡ ನಾವು ಮಾತ್ರ ಇನ್ನೂ ಅರಿತಿಲ್ಲ.

ಇದು ಬರಿಯ ತರ್ಕದ ಮಾತಲ್ಲ. ನಮ್ಮ ಧರ್ಮದ ಮೂಲಕ್ಕೇ ತಗುಲಿದ ಒಂದು ನಿದರ್ಶನವನ್ನು ನೋಡಿ. ಮುಂಬಯಿ ಇಲಾಖೆಯ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಹಳಗನ್ನಡವನ್ನೂ ಸಂಸ್ಕೃತವನ್ನೂ ಕಲಿತು ನಮ್ಮ ನಾಡಿನ ನೂರಾರು ಶಾಸನಗಳನ್ನು ಓದಿದ ಮಹಾಪರಿಶ್ರಮಿ. ಈಗ ಹಾವೇರಿ ಜಿಲ್ಲೆಯಲ್ಲಿರುವ ಅಬ್ಬಲೂರಿನ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸುತ್ತ, ಈ ಮತದ ಮೂಲಪುರುಷ ಏಕಾಂತದ ರಾಮಯ್ಯನಿರಬೇಕೆಂದೂ ಬಸವಣ್ಣನವರ ವೃತ್ತಾಂತ ನಂಬತಕ್ಕದ್ದಲ್ಲವೆಂದೂ ಅವರು ವಾದಿಸಿದರು. ಪುರಾಣಗಳಲ್ಲಿ ಬಸವಣ್ಣನವರಿದ್ದಾರೆ, ಕಲ್ಲಿನಲ್ಲಿ ಎಲ್ಲಿದ್ದಾರೆ ಎಂಬುದು ಆ ಕಾಲದ ವಿದ್ವಾಂಸರ ಪ್ರಶ್ನೆಯಾಯಿತು. ಒಬ್ಬ ಪರದೇಶದ ಅಧಿಕಾರಿ ಒಂದು ಶಾಸನವನ್ನು ಓದಿದ ರೀತಿಯಿಂದ, ನಾವು ನಿತ್ಯ ನೆನೆಯುವ ಬಸವಣ್ಣನವರು ಇತಿಹಾಸದ ಪುಟದಿಂದ ಕರಗಿಹೋಗುವ ಪ್ರಸಂಗ ಒದಗಿತು.

ಅದಕ್ಕೆ ಉತ್ತರ ಎಲ್ಲಿಂದ ಬಂತು? ಖಂಡನಾ ಸಭೆಗಳಿಂದ ಬರಲಿಲ್ಲ, ಮೆರವಣಿಗೆಯಿಂದ ಬರಲಿಲ್ಲ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಕಲ್ಲಿನಿಂದ ಬಂತು. 1260ರ ಆ ಶಾಸನದಲ್ಲಿ ಸಂಗನ ಬಸವನ ಹೆಸರೂ ಆತನ ವಂಶದ ವಿವರವೂ ಕೆತ್ತಲ್ಪಟ್ಟಿವೆ. ಆ ಕಲ್ಲು ಆರೂವರೆ ಶತಮಾನಗಳ ಕಾಲ ಅಲ್ಲಿಯೇ ನಿಂತಿತ್ತು. ಜನ ಅದರ ಮುಂದೆಯೇ ಹಾದುಹೋಗುತ್ತಿದ್ದರು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಳಗನ್ನಡದ ಲಿಪಿಯನ್ನು ಬಲ್ಲ ನಮ್ಮವರೇ ಅದನ್ನು ಓದಿ ಜಗತ್ತಿನ ಮುಂದಿಟ್ಟಾಗ ಮಾತ್ರ ಅದು ಮಾತನಾಡಿತು. ಭಕ್ತಿ ಆ ಕಲ್ಲಿಗೆ ಅಭಿಷೇಕ ಮಾಡಬಲ್ಲದು. ಓದಬಲ್ಲದ್ದು ವಿದ್ಯೆ ಮಾತ್ರ.

"ಹಳಕಟ್ಟಿಯವರು ಭಾಷೆಯ ಪದವಿ ಪಡೆದಿದ್ದರೆ? ಅವರು ವಕೀಲರಲ್ಲವೆ?" ಎಂದು ಜಾಣರು ಕೇಳುವುದುಂಟು. ನಿಜ. ವಚನಪಿತಾಮಹ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ತಾಳೆಗರಿಗಳಿಗಾಗಿ ಊರೂರು ಅಲೆದರು; 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು; 1925ರಲ್ಲಿ ಸ್ವಂತ ಮುದ್ರಣಾಲಯ ಸ್ಥಾಪಿಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅದರ ಬೆಲೆಯನ್ನು ತಮ್ಮ ಗಳಿಕೆಯಿಂದ, ನೆಮ್ಮದಿಯಿಂದ ತೆತ್ತರು. ಆದರೆ ಈ ಉದಾಹರಣೆ ನಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ, ವಿರುದ್ಧವಾಗಿ ಹೇಳುತ್ತದೆ. ಒಂದು ಸಮಾಜ ತನ್ನ ಧರ್ಮಗ್ರಂಥವನ್ನು ಉಳಿಸಿಕೊಳ್ಳಲು ಒಬ್ಬ ವ್ಯಕ್ತಿಯ ಸರ್ವಸ್ವತ್ಯಾಗವನ್ನು ನಂಬಿ ಕೂರಬಹುದೆ? ಶತಮಾನಕ್ಕೊಬ್ಬ ಹಳಕಟ್ಟಿ ಹುಟ್ಟಿ ಬರುತ್ತಾರೆಂದು ಕಾಯುತ್ತ ಕೂರುವವರಿಗೆ ಅವರ ಜಯಂತಿಯನ್ನು ಆಚರಿಸುವ ನೈತಿಕ ಹಕ್ಕು ಇದೆಯೆ?

ಭಾಷಾಧ್ಯಯನವನ್ನೇ ಜೀವನದ ಕಾಯಕವಾಗಿ ಮಾಡಿಕೊಂಡವರು ಸಾಧಿಸಿದ್ದನ್ನೂ ನೋಡೋಣ. ಡಾ. ಎಸ್.ಸಿ. ನಂದೀಮಠರು ಲಂಡನ್ನಿನಲ್ಲಿ ಸಂಶೋಧನೆ ನಡೆಸಿ ಬಂದು, 1942ರಲ್ಲಿ ವೀರಶೈವವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ ಹೊರನಾಡಿನ ವಿದ್ವಾಂಸರಿಗೆ ದಾರಿದೀಪವಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ 'ಶೂನ್ಯಸಂಪಾದನೆ'ಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದಕ್ಕಾಗಿ ಭೂಸನೂರಮಠರಂಥ ಕನ್ನಡ ಪಂಡಿತರೂ ಮೆನೆಜಿಸ್‌ರಂಥ ಇಂಗ್ಲಿಷ್ ಪ್ರಾಧ್ಯಾಪಕರೂ ಒಟ್ಟಿಗೆ ದುಡಿದರು. ಮೈಸೂರಿನವರಾದ ಎ.ಕೆ. ರಾಮಾನುಜನ್ನರು ಶಿಕಾಗೊದಲ್ಲಿದ್ದು 1973ರಲ್ಲಿ ಹೊರತಂದ ಅನುವಾದದಿಂದ ದಾಸಿಮಯ್ಯ, ಬಸವಣ್ಣ, ಅಲ್ಲಮ, ಅಕ್ಕರ ಧ್ವನಿ ಕನ್ನಡವನ್ನೇ ಅರಿಯದ ಓದುಗರನ್ನು ಮುಟ್ಟಿತು. ಡಾ. ಎಂ.ಎಂ. ಕಲಬುರ್ಗಿಯವರಂಥ ವಿದ್ವಾಂಸರ ದುಡಿಮೆಯಿಂದ 1993ರಲ್ಲಿ ಸಮಗ್ರ ವಚನ ಸಾಹಿತ್ಯ ಹದಿನೈದು ಸಂಪುಟಗಳಲ್ಲಿ ನಮ್ಮ ಕೈಸೇರಿತು. ಇವರೆಲ್ಲರೂ 'ಹೊಟ್ಟೆಯ ದಾರಿ'ಯನ್ನಷ್ಟೇ ನೋಡಿಕೊಂಡಿದ್ದರೆ ನಮ್ಮ ಪೂಜಾಕೋಣೆಯಲ್ಲಿ ಇಂದು ಯಾವ ಪುಸ್ತಕ ಇರುತ್ತಿತ್ತು?

ಇನ್ನು, ಸ್ವಭಾಷಾಭಿಮಾನಿಗಳಾದ ನನ್ನ ಮಿತ್ರರಿಗೆ ಒಂದು ಮಾತು. ಕನ್ನಡವೊಂದನ್ನು ಓದಿದರೆ ಸಾಕು, ತಮಿಳು ತೆಲುಗು ಮರಾಠಿಗಳಿಂದ ನಮಗೇನೆಂದು ಅವರು ಹೇಳುತ್ತಾರೆ. ನಮ್ಮ ಪರಂಪರೆಯನ್ನು ಅರಿಯದವರ ಮಾತಿದು. ಬಸವಣ್ಣನವರ ಕಥೆಯನ್ನು ಪುರಾಣವಾಗಿ ಮೊದಲು ಹಾಡಿದವನು ತೆಲುಗಿನ ಪಾಲ್ಕುರಿಕೆ ಸೋಮನಾಥ. ಭೀಮಕವಿ ಅದನ್ನಾಧರಿಸಿ 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದ. ಭೀಮಕವಿಗೆ ತೆಲುಗು ಬಾರದಿದ್ದರೆ ನಮಗೆ ಆ ಕಾವ್ಯವಿಲ್ಲ. ಚಾಮರಸನ 'ಪ್ರಭುಲಿಂಗಲೀಲೆ' ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳಿಂದ ತಮಿಳಿಗೆ ಹೋಯಿತು. ಕಪಿಲಧಾರದ ಮನ್ಮಥ ಸ್ವಾಮಿಗಳು ಮರಾಠಿಯಲ್ಲಿ ಬರೆದರು. ವಿಜಯಪುರದ ಸುಲ್ತಾನರ ಕಾಲದ ಆಡಳಿತದ ಬರಹ ಫಾರಸಿ ಮರಾಠಿಗಳಲ್ಲಿದೆ. ಆ ಕಾಲದ ಗ್ರಂಥಗಳನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಕಲಬುರ್ಗಿಯವರ ನೇತೃತ್ವದಲ್ಲಿ ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರ ಕೈಗೊಂಡಿತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಒಂದೇ ಭಾಷೆಯ ಕಿಟಕಿಯಿಂದ ನೋಡಿದರೆ ನಮ್ಮ ಮನೆಯೇ ನಮಗೆ ಪೂರ್ತಿಯಾಗಿ ಕಾಣುವುದಿಲ್ಲ.

ಅಷ್ಟೇಕೆ, ಕಲ್ಯಾಣವನ್ನೇ ನೆನೆಯಿರಿ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ, ಮರುಳಶಂಕರದೇವರು ಅಫಘಾನಿಸ್ತಾನದ ಕಡೆಯಿಂದ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಮಾರಯ್ಯನವರ, ಆದಯ್ಯನವರ ವಚನಗಳು ಇಂದಿಗೂ ನಮ್ಮೊಡನಿವೆ, ಕನ್ನಡದಲ್ಲಿ! ಪ್ರಾಯ ಬಲಿತ ಮೇಲೆ ಪರನಾಡಿಗೆ ಬಂದು, ಅಲ್ಲಿಯ ಜನರ ಮಾತನ್ನು ಕಲಿತು, ಆ ಮಾತಿನಲ್ಲಿಯೇ ತಮ್ಮ ಅನುಭಾವವನ್ನು ನುಡಿದವರು ಅವರು. ಪರಭಾಷೆಯನ್ನು ಪ್ರಧಾನ ವಿಷಯವಾಗಿ ಓದಿದ ವಿದ್ಯಾರ್ಥಿಗಳು ಅನುಭವಮಂಟಪದಲ್ಲಿಯೇ ಇದ್ದರೆಂದರೆ ಅತಿಶಯೋಕ್ತಿಯಾಗದು. ಅವರ ವಾರಸುದಾರರೆಂದು ಹೇಳಿಕೊಳ್ಳುವ ನಾವು, ನೆರೆಯ ಭಾಷೆಯ ಅಕ್ಷರವನ್ನೂ ಕಲಿಯದೆ ಮಕ್ಕಳನ್ನು ಬೆಳೆಸುತ್ತಿದ್ದೇವೆ.

ಈಗ ಹೊಟ್ಟೆಯ ಪ್ರಶ್ನೆಗೆ ಬರೋಣ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎರಡೆಕರೆ ಒಣಬೇಸಾಯದ ತಂದೆಗೆ ಮಗನ ಸಂಬಳವೇ ಮಳೆ. ಭಾಷೆ ಓದಿದವರಿಗೆಲ್ಲ ನೌಕರಿ ಕಾದು ಕುಳಿತಿದೆಯೆಂದು ಹೇಳಿದರೆ ಅದು ವಂಚನೆಯಾದೀತು. ಹೊರದೇಶಗಳಲ್ಲಿಯೂ ಈ ವಿಭಾಗಗಳಿಗೆ ಕಷ್ಟಕಾಲ ಬಂದಿದೆ. ಅಮೆರಿಕದ ಕಾಲೇಜುಗಳಲ್ಲಿ ಇಂಗ್ಲಿಷೇತರ ಭಾಷೆಗಳನ್ನು ಕಲಿಯುವವರ ಸಂಖ್ಯೆ 2016ರಿಂದ 2021ರೊಳಗೆ ಶೇಕಡಾ 16.6ರಷ್ಟು ಇಳಿಯಿತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ ತನ್ನ ಪರಭಾಷಾ ಪದವಿಗಳನ್ನೇ ನಿಲ್ಲಿಸುವ ತೀರ್ಮಾನ ಕೈಗೊಂಡಿತು. "ನೋಡಿರಿ, ಅವರೇ ಬಾಗಿಲು ಮುಚ್ಚುತ್ತಿದ್ದಾರೆ" ಎಂದು ನಮ್ಮವರು ಸಮಾಧಾನಪಟ್ಟುಕೊಳ್ಳಬಹುದು.

ಸಮಾಧಾನ ಬೇಡ. ಅದೇ ಐದು ವರ್ಷಗಳಲ್ಲಿ ಅದೇ ಅಮೆರಿಕದಲ್ಲಿ ಕೊರಿಯನ್ ಭಾಷೆಯನ್ನು ಕಲಿಯುವವರು ಶೇಕಡಾ 38ರಷ್ಟು ಹೆಚ್ಚಿದರು. ಕೊರಿಯದ ಹಾಡು, ಸಿನಿಮಾಗಳು ತರುಣರನ್ನು ಸೆಳೆದದ್ದು ಒಂದು ಕಾರಣ. ಆ ಸರಕಾರ 1991ರಲ್ಲಿಯೇ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ತನ್ನ ಭಾಷೆ ಸಂಸ್ಕೃತಿಗಳ ಅಧ್ಯಯನಕ್ಕೆ ನೆರವು ನೀಡುತ್ತ ಬಂದದ್ದು ಇನ್ನೊಂದು ಕಾರಣ. ನೆರೆಯ ತಮಿಳರನ್ನು ನೋಡಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತಮಿಳು ಪೀಠಕ್ಕಾಗಿ 60 ಲಕ್ಷ ಡಾಲರ್ ಬೇಕಾದಾಗ, ಅಮೆರಿಕದಲ್ಲಿ ನೆಲೆಸಿದ ಇಬ್ಬರು ತಮಿಳು ವೈದ್ಯರು ಮೊದಲ ಕಾಣಿಕೆಯಿತ್ತು ಆಂದೋಲನವನ್ನು ಆರಂಭಿಸಿದರು. ತಮಿಳುನಾಡು ಸರಕಾರ 10 ಕೋಟಿ ರೂಪಾಯಿ ನೀಡಿತು. ಸಾಮಾನ್ಯ ಜನರೂ ಕೈಲಾದಷ್ಟು ಕೊಟ್ಟರು. 2018ರ ಹೊತ್ತಿಗೆ ಹಣ ಪೂರ್ತಿಯಾಯಿತು. ಗಮನಿಸಿ, ಮುಂದೆ ಬಂದವರು ವೈದ್ಯರು! ಮಠಗಳ ಅನ್ನವುಂಡು, ಮಠಗಳ ಕಾಲೇಜುಗಳಲ್ಲಿ ಓದಿ ಸಮುದ್ರ ದಾಟಿದ ವೈದ್ಯರೂ ಎಂಜಿನಿಯರರೂ ನಮ್ಮಲ್ಲಿ ಕಡಿಮೆಯೆ?

ಹೊಟ್ಟೆಯ ಪ್ರಶ್ನೆಗೆ ಉತ್ತರ ಹುಡುಗನಲ್ಲಿ ಹುಡುಕಬೇಕಾದದ್ದಲ್ಲ, ನಮ್ಮಲ್ಲಿ ಹುಡುಕಬೇಕಾದದ್ದು. ಎಂಜಿನಿಯರಿಂಗ್ ಓದಿದವನ ಹೊಟ್ಟೆ ತುಂಬುವುದು ಆ ವಿದ್ಯೆಯನ್ನು ಸಾಕುವ ಕಾರ್ಖಾನೆಗಳಿರುವುದರಿಂದ. ಭಾಷೆಯನ್ನು ಸಾಕುವ ಸಂಸ್ಥೆಗಳನ್ನು ನಾವು ಕಟ್ಟಿದ್ದೇವೆಯೆ? ಮೆಡಿಕಲ್ ಕಾಲೇಜು, ತಾಂತ್ರಿಕ ಕಾಲೇಜುಗಳನ್ನು ಕಟ್ಟಿದೆವು. ಅದು ದೊಡ್ಡ ಸೇವೆಯೇ, ಅಲ್ಲಗಳೆಯುವುದಿಲ್ಲ. ಆದರೆ ಅದೇ ಆವರಣದ ಪದವಿ ಕಾಲೇಜಿನಲ್ಲಿ ಐಚ್ಛಿಕ ಕನ್ನಡಕ್ಕೆ ವಿದ್ಯಾರ್ಥಿಗಳಿಲ್ಲವೆಂದು ತರಗತಿಯನ್ನೇ ಮುಚ್ಚಿದರೆ ಯಾರ ಕಣ್ಣಿನಲ್ಲಿಯೂ ನೀರು ಬರುವುದಿಲ್ಲ. ತಾಳೆಗರಿಗಳ ಕಟ್ಟುಗಳಿಗೆ ದಸರೆಯಲ್ಲಿ ವಿಭೂತಿ ಹಚ್ಚಿ ಪೂಜಿಸುತ್ತೇವೆ. ಮರುದಿನ ಅವುಗಳನ್ನು ಗೆದ್ದಲಿಗೆ ಒಪ್ಪಿಸುತ್ತೇವೆ.

ದೂರುವುದಷ್ಟೇ ನನ್ನ ಉದ್ದೇಶವಲ್ಲ. ಶ್ರೀಮಠಗಳ ಆಡಳಿತ ಮಂಡಳಿಗಳ ಮುಂದೆ, ಹಳೆಯ ವಿದ್ಯಾರ್ಥಿಗಳ ಮುಂದೆ ನಾಲ್ಕು ವಿನಂತಿಗಳನ್ನು ಇಡುತ್ತೇನೆ.

ಮೊದಲನೆಯದು: ನಮ್ಮ ಸಂಸ್ಥೆಗಳ ಪದವಿ ಕಾಲೇಜುಗಳಲ್ಲಿ ಜಿಲ್ಲೆಗೊಂದರಲ್ಲಾದರೂ ಭಾಷೆ ಮತ್ತು ಸಂಸ್ಕೃತಿ ಪ್ರಧಾನ ವಿಷಯವಾಗಿರಲಿ. ಕನ್ನಡದೊಡನೆ ತಮಿಳು, ತೆಲುಗು, ಮರಾಠಿ, ಸಂಸ್ಕೃತ, ಪ್ರಾಕೃತ, ಫಾರಸಿಗಳಲ್ಲಿ ಒಂದನ್ನು ಕಡ್ಡಾಯವಾಗಿ ಕಲಿಸಬೇಕು. ಹಳಗನ್ನಡ, ಮೋಡಿ, ನಂದಿನಾಗರಿ ಲಿಪಿಗಳ ಓದು ಪಠ್ಯದಲ್ಲಿಯೇ ಸೇರಬೇಕು.

ಎರಡನೆಯದು: ಈ ವಿಷಯವನ್ನು ಆಯ್ದುಕೊಳ್ಳುವ ಪ್ರತಿಭಾವಂತರಿಗೆ ಪ್ರತಿವರ್ಷ ಹತ್ತು ಶಿಷ್ಯವೇತನಗಳಿರಲಿ. ಅದು ಪುಸ್ತಕ ಕೊಳ್ಳುವಷ್ಟು ಭಿಕ್ಷೆಯಾಗಬಾರದು. ಪದವಿಯಿಂದ ಸಂಶೋಧನೆಯವರೆಗೆ ಆರೇಳು ವರ್ಷ ಮನೆಯ ಚಿಂತೆಯಿಲ್ಲದೆ ಓದುವಷ್ಟಿರಬೇಕು. ತಾಂತ್ರಿಕ ಕಾಲೇಜಿನ ಒಂದು ಕಟ್ಟಡದ ವೆಚ್ಚದ ಅಲ್ಪಾಂಶ ಇದಕ್ಕೆ ಸಾಕು.

ಮೂರನೆಯದು: ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇರುವ ತಾಳೆಗರಿ, ಕಡತ, ಸನದುಗಳ ಪಟ್ಟಿಯಾಗಲಿ, ಛಾಯಾಚಿತ್ರಗಳಾಗಲಿ. ಆ ಕೆಲಸಕ್ಕೆ ಈ ವಿದ್ಯಾರ್ಥಿಗಳನ್ನೇ ಸಂಬಳ ಕೊಟ್ಟು ನೇಮಿಸಿಕೊಳ್ಳಬೇಕು. ಇಂದು ಗಣಕಯಂತ್ರಗಳಿಗೂ ನಮ್ಮ ಭಾಷೆಗಳನ್ನು ಕಲಿಸಲಾಗುತ್ತಿದೆ. ಕೇಂದ್ರ ಸರಕಾರದ 'ಭಾಷಿಣಿ' ಯೋಜನೆ 2022ರಿಂದ ನಡೆದಿದೆ. ವ್ಯಾಕರಣವನ್ನೂ ಹಳೆಯ ಪಠ್ಯಗಳನ್ನೂ ಬಲ್ಲವರಿಲ್ಲದೆ ಯಂತ್ರಕ್ಕೆ ಯಾರು ಕಲಿಸಬೇಕು?

ನಾಲ್ಕನೆಯದು: ಹೊರನಾಡಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಒಗ್ಗೂಡಿ, ಒಂದಾದರೂ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕನ್ನಡದ ಅಧ್ಯಯನಕ್ಕೆ ಶಾಶ್ವತ ನೆಲೆ ಕಲ್ಪಿಸಲಿ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಕನ್ನಡ ಪೀಠ ಆರಂಭವಾಯಿತು. ಅದು ಸರಕಾರದ ಕೆಲಸವಾಯಿತು. ಸಮಾಜದ ದಾಸೋಹ ಎಲ್ಲಿ? ಅನ್ನದಾಸೋಹದಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಅಕ್ಷರದಾಸೋಹವೆಂದರೆ ಶಾಲೆಯ ಕಟ್ಟಡ ಮಾತ್ರವೆಂದು ತಿಳಿದಿದ್ದೇವೆ. ಅಕ್ಷರವನ್ನು ಉಳಿಸುವವರನ್ನು ಸಾಕುವುದೂ ದಾಸೋಹವೇ.

ಹರಿಹರನ ರಗಳೆಗಳನ್ನು ಕುರಿತು ಗಿಲ್ ಬೆನ್-ಹೆರುಟ್ ಎಂಬ ಅಮೆರಿಕದ ಪ್ರಾಧ್ಯಾಪಕರು 2018ರಲ್ಲಿ ಒಂದು ಗಂಭೀರ ಗ್ರಂಥವನ್ನು ಪ್ರಕಟಿಸಿದ್ದಾರೆ. ಹುಟ್ಟಿನಿಂದ ಕನ್ನಡ ಬಾರದವರು ಹಳಗನ್ನಡವನ್ನು ಕಷ್ಟಪಟ್ಟು ಕಲಿತು ಹಂಪೆಯ ಕವಿಯನ್ನು ಓದಿದರು. ಅವರಿಗೆ ಶರಣು. ಅವರು ಬರೆದುದರಲ್ಲಿ ಒಪ್ಪದ ಮಾತಿದ್ದರೆ ಅದನ್ನು ಎದುರಿಸುವ ಹಕ್ಕು ನಮಗುಂಟು. ಆದರೆ ಎದುರಿಸಲು ಹರಿಹರನನ್ನು ಮೂಲದಲ್ಲಿ ಓದಬಲ್ಲ ತರುಣರು ಬೇಕಲ್ಲವೆ? ಓದದವನ ಆಕ್ರೋಶಕ್ಕೆ ವಿದ್ವತ್ಸಭೆಯಲ್ಲಿ ಆಸನವಿಲ್ಲ.

ಕೊನೆಗೆ, ಮೊದಲು ಹೇಳಿದ ಹುಡುಗನ ವಿಷಯ. ಅವನು ನಮ್ಮ ಮಾತಿನಂತೆ ಎಂಜಿನಿಯರಿಂಗ್ ಓದಿದ. ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ. ಮನೆಯ ಸಾಲ ತೀರಿಸಿದ್ದಾನೆ. ಅವನ ಬಾಳು ಕೆಟ್ಟಿತೆಂದು ನಾನು ಹೇಳಲಾರೆ. ಕಳೆದ ಜಾತ್ರೆಯಲ್ಲಿ ಸಿಕ್ಕಾಗ, ಆ ಕಾಗದಗಳೇನಾದವು ಎಂದು ಕೇಳಿದೆ. ಮಾಳಿಗೆ ಸೋರಿ ಅರ್ಧ ಕಾಗದ ಮುದ್ದೆಯಾಯಿತೆಂದ. ಉಳಿದದ್ದನ್ನು ಬಾಡಿಗೆಯ ಮನೆಯಲ್ಲಿ ಪೆಟ್ಟಿಗೆಯೊಳಗೆ ಇಟ್ಟುಕೊಂಡಿದ್ದಾನಂತೆ. "ಓದೋರು ಯಾರರ ಸಿಕ್ರ ಹೇಳ್ರಿ, ಮಾಸ್ತರ್ರ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಓದಬೇಕಾಗಿದ್ದವನು ನನ್ನೆದುರಿಗೇ ನಿಂತಿದ್ದ. ಅವನನ್ನು ನಗುತ್ತ ಬೇರೆ ದಾರಿಗೆ ಕಳಿಸಿದವರಲ್ಲಿ ನಾನೂ ಒಬ್ಬ.

ಮುಂದಿನ ಜೂನಿನಲ್ಲಿ ಮತ್ತೊಬ್ಬ ಹುಡುಗನೋ ಹುಡುಗಿಯೋ ಶ್ರೀಮಠದ ಪಡಸಾಲೆಯಲ್ಲಿ ನಿಂತು ಅದೇ ಮಾತನ್ನು ಹೇಳಬಹುದು. ಆಗ ದಯವಿಟ್ಟು ಯಾರೂ ನಗಬೇಡಿರಿ.